ಅಕಿಲೀಸನ ಹೆಸರು, ಅಕ್ಕನ ಫಲಕ

ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಹೆಂಗಸಿಗೆ ಅರವತ್ತು ತುಂಬಿತು. ಬೀಳ್ಕೊಡುಗೆಗೆ ಫಲಕ ಬರೆಸುವುದು, ಭಾಷಣ ಮಾಡುವುದು ಎರಡೂ ನನ್ನ ಪಾಲಿಗೆ ಬಂದವು. ಯಸಳೂರಿನಿಂದ ಸಕಲೇಶಪುರದ ಬಸ್ಸು ಹತ್ತಿ ಕುಳಿತ ಮೇಲೆ ಹೊಳೆಯಿತು: ಆಕೆಯ ಹೆಸರೇ ನನಗೆ ಗೊತ್ತಿಲ್ಲ. ಹದಿನೆಂಟು ವರ್ಷ ಅವರ ಕೈಯ ಸಾರು ಉಂಡವನು ನಾನು. ಮಕ್ಕಳು 'ಅಡುಗೆ ಅಕ್ಕ' ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಹೆಡ್‌ಮಾಸ್ಟರಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಇಷ್ಟು ವರ್ಷದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ಸುಮ್ಮನಾದೆ. ಅಂಗಡಿಯವನಿಗೆ 'ಅಡುಗೆ ಅಕ್ಕನವರಿಗೆ, ಪ್ರೀತಿಯಿಂದ' ಎಂದು ಬರೆದುಕೊಟ್ಟೆ. ಇದೇ ಆತ್ಮೀಯವಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಉಳಿದದ್ದನ್ನು ಪಾಂಡಿತ್ಯದಲ್ಲಿ ಮುಚ್ಚಿಹಾಕಬಹುದಿತ್ತು. ಸಮಾಜ ಪಾಠದ ಮೇಷ್ಟ್ರಾದ ನನಗೆ ಗ್ರೀಕರ ಹುಚ್ಚು ಸ್ವಲ್ಪ ಜಾಸ್ತಿ. ಅಕಿಲೀಸ್ ಎಂಬ ಅವರ ಪುರಾಣದ ವೀರನ ಹೆಸರಿನಿಂದ ಎಷ್ಟೊಂದು ಮಾತು ಹುಟ್ಟಿದವು ಎಂದು ಭಾಷಣ ಶುರುಮಾಡಿದೆ. ಗಾಯಕ್ಕೆ ಹಚ್ಚುವ ಸೊಪ್ಪಿಗೆ ಅವನ ಹೆಸರು. ಏಟು ತಾಗದಂತೆ ಶಿರಸ್ತ್ರಾಣದೊಳಗೆ ಇಡುವ ಸ್ಪಂಜಿಗೆ ಅವನ ಹೆಸರು. ಕೊನೆಗೆ ಒಳ್ಳೆಯ ಬಾರ್ಲಿಗೂ, ಅದರ ಹಿಟ್ಟಿನ ರೊಟ್ಟಿಗೂ ಅವನದೇ. ಹೆಸರು ಅಂದರೆ ಹೀಗೆ ಅನ್ನದಲ್ಲಿ ಉಳಿಯಬೇಕು, ನಮ್ಮ ಅಕ್ಕನ ಹಾಗೆ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ನಾನು ಉಬ್ಬಿಹೋದೆ.

ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಅವರು ಫಲಕ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಏಳನೇ ಕ್ಲಾಸು ಓದಿದವರು. ಅಕ್ಷರದ ಮೇಲೆ ಬೆರಳಾಡಿಸುತ್ತಾ, ಕೋಪವಿಲ್ಲದೆ ಕೇಳಿದರು.

"ಮೇಷ್ಟ್ರೇ, ಆ ವೀರನ ಹೆಸರ ಬಾಯ್ತುಂಬಾ ಹೇಳುದ್ರಿ. ನಂದು ಇದ್ರಾಗೆ ಎಲ್ಲೈತೆ?"

ಅವರ ಬೆರಳು 'ಅಡುಗೆ ಅಕ್ಕನವರಿಗೆ' ಎಂಬಲ್ಲಿ ನಿಂತಿತು.

"ಮನೇಲಿ ಮೊಮ್ಮಗ್ಳು ಓದ್ತಾಳೆ ಕಣ್ರೀ. ಯಾರ್ದು ಇದು, ಅಜ್ಜಿ, ಅಂತಾಳೆ."

ಆಗಲೂ ಕೇಳಬಹುದಿತ್ತು. ನಿಮ್ಮ ಹೆಸರೇನಮ್ಮ, ತಪ್ಪಾಯ್ತು, ಬೇರೆ ಬರೆಸಿಕೊಡ್ತೀನಿ ಅನ್ನಬಹುದಿತ್ತು. ಅಂಗಡಿಯವನು ತಪ್ಪು ಮಾಡಿದ್ದಾನೆ ಎಂದುಬಿಟ್ಟೆ. ಅವರು ನನ್ನ ಮುಖ ನೋಡಿದರು. ಹೋಗ್ಲಿ ಬಿಡಿ ಎಂದು ಫಲಕವನ್ನು ಶಾಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ನಡೆದರು. ಸುಳ್ಳು ಅವರಿಗೆ ಗೊತ್ತಾಗಿತ್ತು. ನಾಚಿಕೆಯಿಂದ ನಾನು ಗೇಟಿನವರೆಗೂ ಹೋಗಲಿಲ್ಲ.

ಮಾರನೆಯ ದಿನ ಅಡುಗೆಯವರ ಹಾಜರಿ ಪುಸ್ತಕ ತೆಗೆದೆ. ದುಂಡು ಅಕ್ಷರದಲ್ಲಿ ಅವರ ಹೆಸರು ಸ್ಪಷ್ಟವಾಗಿತ್ತು, ಪುಟ ಪುಟಕ್ಕೂ. ಬಿಸಿಯೂಟದ ಉಸ್ತುವಾರಿ ನನ್ನದು. ಪ್ರತಿ ಪುಟದಲ್ಲೂ ಆ ಹೆಸರಿನ ಪಕ್ಕದಲ್ಲಿ, ನೋಡಿದ್ದೇನೆ ಎಂದು ನನ್ನ ರುಜು ಇತ್ತು.