ಹೋಗದ ಎರಡನೇ ಕರೆ

ನನ್ನ ವಾರಗಿತ್ತಿ ಶ್ವೇತಾ ಏನನ್ನೂ ಎಸೆಯುವವಳಲ್ಲ. ಬೆಳಗೋಡಿನಲ್ಲಿ ನಮ್ಮದು ಗೊಬ್ಬರದ ಅಂಗಡಿ. ಚೀಲ ಹೊಲಿದ ದಾರವನ್ನೂ ಬಿಡದೆ ಬಿಚ್ಚಿ ಉಂಡೆ ಸುತ್ತಿಡುತ್ತಾಳೆ. ಅವಳ ಅಟ್ಟದ ತುಂಬ ಖಾಲಿ ಡಬ್ಬಗಳೇ ಎಂದು ನಾನು ಗೇಲಿ ಮಾಡುತ್ತಿದ್ದೆ. ಮದುವೆಯಲ್ಲಿ ಉಟ್ಟ ಸೀರೆಯ ಪೆಟ್ಟಿಗೆಯೂ ಅಲ್ಲೇ ಇದೆ.

ಕಂಪ್ಯೂಟರ್ ಓದಿಕೊಂಡು ಬಂದವಳು, ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳೆಗಾರರಿಗೆ ಸಣ್ಣಪುಟ್ಟ ಪ್ರೋಗ್ರಾಮ್ ಮಾಡಿಕೊಡುತ್ತಾಳೆ. ಬರೆಯುವುದು ಎಐ, ಹೇಳುವುದು ಇವಳು. ಆ ಎಐಗೆ ಒಂದು ಉಗ್ರಾಣವನ್ನೂ ಜೋಡಿಸಿಕೊಂಡಿದ್ದಳು. ಒಮ್ಮೆ ಬರೆದು ಕೆಲಸಕ್ಕೆ ಬಂದ ಕೋಡಿನ ತುಂಡನ್ನು ಅದು ಹೆಸರಿಟ್ಟು ಲ್ಯಾಪ್‌ಟಾಪಿನೊಳಗೇ ಎತ್ತಿಡುತ್ತದೆ. ಮುಂದೆ ಅಂಥದೇ ಕೆಲಸ ಬಂದರೆ ಹೊಸದಾಗಿ ಬರೆಯದೆ ಅದನ್ನೇ ತೆಗೆದು ಕೂರಿಸುತ್ತದೆ. ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಮೊದಲು ಮಾಡಿದ್ದು ಕಾಫಿ ರೇಟು ಹೇಳುವ ಫೋನ್ ಕರೆ. ರೇಟು ಏರಿಳಿದಾಗಲೆಲ್ಲ ಊರಿನ ಹಿರಿಯ ಬೆಳೆಗಾರರ ಫೋನು ಬಡಿದುಕೊಂಡು, ಶ್ವೇತಾಳ ದನಿಯಲ್ಲಿ ರೇಟು ಹೇಳುತ್ತಿತ್ತು. ಅವರಲ್ಲೊಬ್ಬರಾದ ಪರಮಶಿವಯ್ಯನವರು ಅಂಗಡಿಗೇ ಬಂದು, "ದಿನಕ್ಕೊಂದ್ಸಲ ಸಾಕು ಕಣವ್ವ, ನೆಟ್ಟಗೆ ಪೂಜೆಗೆ ಕೂರಕ್ಕೂ ಬುಡಲ್ಲ ನಿನ್ ಫೋನು" ಎಂದು ಗೊಣಗಿದರು. ಒಂದು ನಂಬರಿಗೆ ದಿನಕ್ಕೆ ಒಂದೇ ಕರೆ ಹೋಗುವಂತೆ ಅವಳು ಬದಲಿಸಿದಳು. ಅದು 'ಎಲ್ಲರಿಗೂ ಕರೆ' ಎಂಬ ಹೆಸರಿನಲ್ಲಿ ಉಗ್ರಾಣ ಸೇರಿತು.

ಆಮೇಲೆ ಆನೆಗಳ ಕಾಟ ಹೆಚ್ಚಿತು. ಹಿಂಡು ಯಾವ ತೋಟದಲ್ಲಿದೆ ಎಂದು ಪ್ರದೀಪ್ ಎಂಬ ಹುಡುಗ ಜೀಪಿನಲ್ಲಿ ಅಲೆದು ನೋಡಿ ತಿಳಿಸುತ್ತಿದ್ದ. ಅದನ್ನು ತೋಟದ ಆಳುಗಳಿಗೆಲ್ಲ ಫೋನಿನಲ್ಲಿ ಹೇಳುವ ವ್ಯವಸ್ಥೆ ಮಾಡಿಕೊಡು ಎಂದು ಬೆಳೆಗಾರರು ಕೇಳಿದರು. ಉಗ್ರಾಣದಲ್ಲಿ 'ಎಲ್ಲರಿಗೂ ಕರೆ' ಇದೆ, ಬಳಸಲೇ ಎಂದಿತು ಎಐ. ಇವಳು ಅದನ್ನು ಬಿಚ್ಚಿ ನೋಡದೆ ಹೂಂ ಅಂದಳು. ತನ್ನ ಫೋನಿಗೆ ಒಂದು ಕರೆ ಮಾಡಿಸಿ ನೋಡಿದಳು, ಬಂತು. ಅಷ್ಟಕ್ಕೇ ಸಮಾಧಾನವಾಯಿತು.

ಆಳುಗಳ ಪಟ್ಟಿಗೆ ಶ್ವೇತಾ ಮೊದಲು ಸೇರಿಸಿದ್ದು ಬೆಟ್ಟಮ್ಮನ ನಂಬರನ್ನು. ನಮ್ಮ ಮನೆಯ ಬಾಣಂತನಗಳನ್ನೆಲ್ಲ ಮಾಡಿದವಳು ಬೆಟ್ಟಮ್ಮ. ಈಗ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯಲು ಹೋಗುತ್ತಾಳೆ. ಅಲ್ಲಿಂದ ಅವಳ ಮನೆಗೆ ಗದ್ದೆಯ ಬದುವಿನ ಮೇಲೆ ಒಳದಾರಿ. ಓದಲು ಬಾರದ ಅವಳು ಶ್ವೇತಾಳ ದನಿ ಕೇಳಿ ಹಿಗ್ಗಿಹೋದಳು. "ನಮ್ ಹುಡುಗಿ ಬೆಳಿಗ್ಗೆನೇ ಮಾತಾಡಿಸ್ತಾಳೆ" ಎಂದು ಎಸ್ಟೇಟಿನ ಕೂಲಿ ಲೈನುಮನೆಗಳ ಹೆಂಗಸರ ಮುಂದೆಲ್ಲ ಹೇಳಿಕೊಂಡಳಂತೆ.

ಮೊದಮೊದಲು ಪ್ರದೀಪ್ ಬೆಳಿಗ್ಗೆ ಮಾತ್ರ ತಿಳಿಸುತ್ತಿದ್ದ. ಭತ್ತ ಬಲಿಯುವ ಹೊತ್ತಿಗೆ ಆನೆಗಳು ಹಗಲಲ್ಲೇ ಕೆಳಗಿಳಿಯತೊಡಗಿದವು. ಒಂದು ದಿನ ಬೆಳಿಗ್ಗೆ ಮೇಲಿನ ತೋಟದಲ್ಲಿವೆ ಎಂದು ಕರೆ ಹೋಗಿತ್ತು. ಸಂಜೆ ಪ್ರದೀಪ್, "ಗದ್ದೆಗೆ ಇಳಿದವೆ, ಬೇಗ ಹೇಳಿ" ಎಂದ. ಶ್ವೇತಾ ತಕ್ಷಣ ದನಿ ಮುದ್ರಿಸಿ ಒತ್ತಿದಳು. ಕೆಲಸ ಮುಗಿಯಿತು ಎಂದು ಲ್ಯಾಪ್‌ಟಾಪ್ ತೋರಿಸಿತು. ಅವಳು ಯೂರಿಯಾ ಕೇಳುತ್ತಿದ್ದ ಗಿರಾಕಿಯ ಕಡೆ ತಿರುಗಿದಳು. ಅವತ್ತಿನ ಪಾಲಿನ ಒಂದು ಕರೆ ಎಲ್ಲರಿಗೂ ಬೆಳಿಗ್ಗೆಯೇ ಹೋಗಿತ್ತು. ಹಾಗಾಗಿ ಸಂಜೆಯದು ಒಬ್ಬರಿಗೂ ಹೋಗಲಿಲ್ಲ.

ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಬೆಟ್ಟಮ್ಮನನ್ನು ಬದುವಿನ ತಿರುವಿನಲ್ಲಿ ಆನೆ ಸೊಂಡಿಲಿನಿಂದ ಎತ್ತಿ ಹಾಕಿತು. ಕಾಲುವೆಗೆ ಬಿದ್ದದ್ದರಿಂದ ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು.

ಅವತ್ತೇ ಶ್ವೇತಾ ಆ ಕೋಡಿನ ತುಂಡನ್ನು ಬಿಚ್ಚಿ ನೋಡಿದಳು. ದಿನಕ್ಕೊಂದೇ ಕರೆ ಎಂಬ ಸಾಲು ಅಲ್ಲಿ ಹಾಗೇ ಕೂತಿತ್ತು. ಅದನ್ನು ಬರೆಸಿದ್ದೂ, ಮರೆತದ್ದೂ ಇವಳೇ. ಒಂದು ಗಳಿಗೆ ಓದಿದ್ದರೆ ಸಾಕಿತ್ತು ಎಂದು ಹಣೆ ಚಚ್ಚಿಕೊಂಡಳು. ನನಗೂ ಸಿಟ್ಟು ಬಂದಿತ್ತು, ಬೈಯಲೆಂದೇ ಹೋಗಿದ್ದೆ. ಅವಳ ಮುಖ ನೋಡಿ, ಆಸ್ಪತ್ರೆಗೆ ಹೋಗೋಣ ನಡಿ ಎಂದೆ.

ಹಾಸನದ ಆಸ್ಪತ್ರೆಗೆ ಇಬ್ಬರೂ ಹೋದೆವು. ಬೆಟ್ಟಮ್ಮ ದಿಂಬಿನಡಿಯಿಂದ ಫೋನು ತೆಗೆದು ಶ್ವೇತಾಳ ಕೈಗಿಟ್ಟಳು.

"ಇದು ಕೆಟ್ಟೋಗೈತೇನೋ ನೋಡವ್ವ. ಅವತ್ತು ಸಂಜೆ ನಿನ್ ಮಾತೇ ಬರ್ಲಿಲ್ಲ."

ಹೂಂ, ಕೆಟ್ಟಿದೆ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನಾಗಿದ್ದರೆ ಹಾಗೆಯೇ ಅನ್ನುತ್ತಿದ್ದೆ.

"ಫೋನು ಸರಿಯಾಗೈತೆ ಬೆಟ್ಟಮ್ಮ. ನಾನು ಕಳ್ಸಿದ್ದೇ ಹೋಗಿಲ್ಲ. ತಪ್ಪು ನಂದು," ಎಂದಳು ಶ್ವೇತಾ.

ಬೆಟ್ಟಮ್ಮ ಫೋನನ್ನು ಇಸಕೊಂಡು ಮತ್ತೆ ದಿಂಬಿನಡಿಗೆ ಇಟ್ಟಳು. ಆಮೇಲೆ, ಸಿಟ್ಟಿಲ್ಲದೆ, ತನಗೇ ಹೇಳಿಕೊಳ್ಳುವವಳ ಹಾಗೆ ಅಂದಳು:

"ಮುಂಚೆ ಆಗಿದ್ರೆ ಜೊತೆಗೆ ಯಾರಾದ್ರೂ ಬರ್ಲಿ ಅಂತ ಎಸ್ಟೇಟ್ ಗೇಟಲ್ಲೇ ಕಾಯ್ತಾ ಕೂರ್ತಿದ್ದೆ. ಆನೆ ಇದ್ರೆ ಶ್ವೇತಮ್ಮ ಹೇಳ್ದೆ ಇರ್ತಾಳಾ ಅಂತ ಒಬ್ಳೇ ಹೊರಟ್ಬುಟ್ಟೆ."