ಮೇಲ್ಮನೆ ರಿಪೇರಿಗೆ ಹೊರಟವರು

ಸರ್ಕಾರಿ ಮುದ್ರಣಾಲಯದ ಬೈಂಡರುಗಳಿಗೆ ಪುಸ್ತಕದ ಒಳಗೇನಿದೆ ಎಂದು ನೋಡುವ ಚಾಳಿ ಇರುವುದಿಲ್ಲ. ಹೊಲಿಗೆ ಬಿಗಿಯಾಗಿದ್ದು ಅಂಟು ಹಿಡಿದರೆ ಸಾಕು. ಅಲ್ಲಿ ಬೈಂಡರಾಗಿದ್ದ ಇವರಿಗೆ ಮಾತ್ರ ಆ ಚಾಳಿ ಇತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸಂಸತ್ತಿನ ಮೇಲ್ಮನೆಯ ಸುಧಾರಣೆಗೆಂದು ನೇಮಿಸಿದ್ದ ಸಮಿತಿಯ ವರದಿ ಹೊಲಿಗೆಗೆ ಬಂತು. ಊಟದ ಬಿಡುವಿನಲ್ಲಿ ಕೂತು ಪೂರ್ತಿ ಓದಿದರು. ಆ ದೇಶದ ಮೇಲ್ಮನೆಯ ಸದಸ್ಯರನ್ನು ಜನ ಆರಿಸುವುದಿಲ್ಲ. ಒಮ್ಮೆ ನೇಮಕವಾದರೆ ಸಾಯುವವರೆಗೂ ಕುರ್ಚಿ ಅವರದೇ. ಇನ್ನು ಮುಂದೆ ಜನರೇ ಆರಿಸಲಿ, ಒಬ್ಬರಿಗೆ ಹತ್ತು ವರ್ಷ ಸಾಕು ಎಂದಿತ್ತು ವರದಿ.

"ವರ್ಷದೊಳಗೆ ಆಗೇ ಹೋಗುತ್ತೆ ನೋಡು," ಎಂದು ಹೆಂಡತಿಗೆ ಹೇಳಿದರು.

ಆಗಲಿಲ್ಲ. ಒಂಬತ್ತು ವರ್ಷದ ಮೇಲೆ ಎರಡನೇ ಸಮಿತಿಯ ವರದಿ ಬಂತು. ಅದೇ ಮಾತು, ಕಾಗದ ಮಾತ್ರ ನುಣುಪು. ಮೂರನೆಯದನ್ನು ಹೊಲಿಯುವಷ್ಟರಲ್ಲಿ ಅವರ ತಲೆ ನೆರೆತಿತ್ತು.

ನಿವೃತ್ತರಾದ ಮರುವಾರವೇ ಬಸ್ ನಿಲ್ದಾಣದ ಎದುರು ಮಡಚುವ ಮೇಜು ಹಾಕಿಕೊಂಡು ಸಹಿ ಸಂಗ್ರಹಕ್ಕೆ ಕೂತರು.

"ನಮ್ಮ ಮನೆ ಸೂರೇ ಸೋರ್ತಿದೆ, ನೀವು ಮೇಲ್ಮನೆ ರಿಪೇರಿಗೆ ಹೊರಟ್ರಾ?" ಎಂದು ಹೆಂಡತಿ ನಕ್ಕರು. ನಕ್ಕವರೇ ಮೊದಲ ಸಹಿ ಹಾಕಿದರು. ದಾರಿಹೋಕರೊಬ್ಬರು ಫಲಕ ಓದಿ, "ಮೇಲ್ಮನೆ ಬಾಡಿಗೆಗಿದ್ಯಾ ತಾತಾ?" ಎಂದು ಕೇಳಿದ್ದೂ ಉಂಟು. ಅಂದಿನಿಂದ ಮೇಲ್ಮನೆ ತಾತ ಎಂಬ ಹೆಸರು ಅಂಟಿಕೊಂಡಿತು.

ಜೊತೆಗೆ ನಿಂತವರೆಂದರೆ ಹದಿನೈದು ವರ್ಷ ಚಿಕ್ಕವರಾದ ಒಬ್ಬ ವಕೀಲರು. ಇವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಮನವಿ ಬರೆಯುವುದು ಅವರು, ಸಹಿಯ ಹಾಳೆಗಳನ್ನು ಸಂಪುಟ ಮಾಡುವುದು ಇವರು. ಹನ್ನೆರಡು ವರ್ಷ ಹೀಗೇ ನಡೆಯಿತು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗಲೂ ಒಂದು ದಿನ ಇಬ್ಬರೂ ಮಂತ್ರಿಯ ಬಾಗಿಲಲ್ಲಿ ಸಂಜೆಯವರೆಗೆ ಕಾದರು. ಮಂತ್ರಿ ಸಿಗಲಿಲ್ಲ. ಇವರು ಆಸ್ಪತ್ರೆಗೆ ಓಡಿ ಬಂದಾಗ ಖಾಲಿ ಹಾಸಿಗೆಯ ಪಕ್ಕ ಮಗಳೊಬ್ಬಳೇ ಅಳುತ್ತ ಕೂತಿದ್ದಳು.

ಕೊನೆಗೂ ಕೆಳಮನೆ ಮಸೂದೆಯನ್ನು ಒಪ್ಪಿತು. ಇನ್ನು ಮೇಲ್ಮನೆಯೇ ಒಪ್ಪಬೇಕು.

"ಕೂತ ಕೊಂಬೇನ ಅವರೇ ಕಡ್ಕೋತಾರೇನಪ್ಪಾ?" ಎಂದಳು ಮಗಳು.

ಅದೇ ತಿಂಗಳು ಅಲ್ಲಿ ಖಾಲಿಯಾದ ಒಂದು ಕುರ್ಚಿಗೆ ಸರ್ಕಾರ ವಕೀಲರನ್ನು ನೇಮಿಸಿತು. "ನಮ್ಮ ಕಡೆ ಒಂದು ಓಟಾದ್ರೂ ಇರ್ಲಿ ಅಂತ ಒಪ್ಕೊಂಡೆ ಅಣ್ಣಾ," ಎಂದರು ವಕೀಲರು. ಇವರು ನಂಬಿದರು.

ಚರ್ಚೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತರು. ವಕೀಲರು ಎದ್ದು ನಿಂತರು. ಗ್ಯಾಲರಿಯ ಕಡೆ ತಲೆ ಎತ್ತಲಿಲ್ಲ. "ವಿಷಯ ಗಂಭೀರವಾದದ್ದು. ಅವಸರ ಸಲ್ಲದು. ಇನ್ನೊಂದು ಸಮಿತಿ ಕೂಲಂಕಷವಾಗಿ ಪರಿಶೀಲಿಸಲಿ," ಎಂದರು. ಸದಸ್ಯರು ಮೇಜು ತಟ್ಟಿದರು. ಆ ಸಮಿತಿಗೆ ವಕೀಲರೇ ಅಧ್ಯಕ್ಷರಾದರು.

ಮೊಗಸಾಲೆಯಲ್ಲಿ ಎದುರಾದಾಗ ವಕೀಲರು ಇವರ ಕೈ ಹಿಡಿದುಕೊಂಡರು. "ಹಂತಹಂತವಾಗಿ ಹೋಗ್ಬೇಕು ಅಣ್ಣಾ. ಒಳಗೆ ಬಂದ್ಮೇಲೇ ಗೊತ್ತಾಗೋದು."

"ಅವಸರ ಅಂದ್ರಲ್ಲ ವಕೀಲ್ರೇ, ಮೊದಲ್ನೇ ವರದಿ ಹೊಲಿದಾಗ ನೀವಿನ್ನೂ ಚಡ್ಡಿ ಹಾಕ್ತಿದ್ರಿ," ಎಂದರು ಇವರು. ಕೈ ಬಿಡಿಸಿಕೊಂಡರು.

ಬಸ್ ನಿಲ್ದಾಣಕ್ಕೆ ಹೋಗುವುದು ಅಂದಿಗೆ ನಿಂತಿತು. ಮಗಳು ಬಿಡದೆ, ಅರವತ್ತೊಂದು ಸಾವಿರ ಸಹಿಗಳ ಹದಿನಾಲ್ಕು ಸಂಪುಟಗಳನ್ನು ಸಮಿತಿಯ ಕಚೇರಿಗಾದರೂ ಒಪ್ಪಿಸೋಣವೆಂದು ಅವರನ್ನು ಹೊರಡಿಸಿದಳು. ಅಲ್ಲಿನ ಗುಮಾಸ್ತ ಒಂದನ್ನೂ ತೆರೆಯಲಿಲ್ಲ. "ಒಳಗೆ ಜಾಗ ಇಲ್ಲ, ಮೆಟ್ಟಿಲ ಕೆಳಗಿಟ್ಟು ಹೋಗಿ," ಎಂದ. ಕೊನೇ ಸಂಪುಟ ಇಟ್ಟು, ಬಾಗಿದ ಬೆನ್ನನ್ನು ಇವರು ನಿಧಾನಕ್ಕೆ ನೆಟ್ಟಗೆ ಮಾಡಿಕೊಂಡರು.

"ರಸೀದಿ ಕೇಳ್ಲೇ ಇಲ್ವಲ್ಲಪ್ಪಾ," ಎಂದಳು ಮಗಳು ಬಸ್ಸಿನಲ್ಲಿ.

"ಇಟ್ಕೊಂಡು ಏನ್ ಮಾಡ್ಲಮ್ಮಾ," ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಸಮಿತಿಯ ಮೊದಲ ಸಭೆ ಸೇರುವ ಹೊತ್ತಿಗೆ ಅವರು ತೀರಿಕೊಂಡು ಒಂದು ವರ್ಷ ಕಳೆದಿತ್ತು.