ಟೈಲರಮ್ಮನ ಪಾಲಿನ ಆಯತ್ತು

ಆ ಬೀದಿಯ ಹೆಂಗಸರ ಅಳತೆಗಳೆಲ್ಲ ಟೈಲರಮ್ಮನಿಗೆ ಬಾಯಿಪಾಠ. ಯಾರ ಸೊಂಟ ಹೋದ ವರ್ಷಕ್ಕಿಂತ ಎರಡಿಂಚು ಹಿಗ್ಗಿದೆ, ಯಾರ ಒಂದು ಹೆಗಲು ಇನ್ನೊಂದಕ್ಕಿಂತ ಇಳಿದಿದೆ, ಎಲ್ಲ ಗೊತ್ತು. ಒಂದನ್ನೂ ಹೊರಗೆ ಬಿಡುವವಳಲ್ಲ. ಗುಟ್ಟು ಕಾಯುವುದರಲ್ಲಿ ಪಳಗಿದವಳು. ಪಳಗದೆ ಏನು ಮಾಡಿಯಾಳು, ಎಲ್ಲಕ್ಕಿಂತ ದೊಡ್ಡ ಗುಟ್ಟು ಅವಳದೇ ಆಗಿತ್ತು. ಬೀದಿಯವರೆಲ್ಲ ಸುನ್ನಿಗಳು; ಅವಳೂ ಅವಳ ಗಂಡನೂ ಶಿಯಾಗಳು. ಹಿಂದೆ ಇದ್ದ ಊರಿನಲ್ಲಿ ಇದು ಬಯಲಾದ ವಾರದಲ್ಲೇ ಗಂಡನ ಗಡಿಯಾರ ರಿಪೇರಿ ಅಂಗಡಿಯ ಗಾಜು ಪುಡಿಪುಡಿಯಾಗಿತ್ತು. ಇಲ್ಲಿಗೆ ಬಂದ ಮೇಲೆ ಹನ್ನೊಂದು ವರ್ಷ ಇಬ್ಬರೂ ಬಾಯಿಗೆ ಹೊಲಿಗೆ ಹಾಕಿಕೊಂಡೇ ಬದುಕಿದ್ದರು.

ನಮಾಜಿನಲ್ಲಿ ಅವಳ ಪಂಗಡದವರು ಹಣೆ ಇಡುವುದು ಮಣ್ಣಿನ ಮೇಲೆ, ಇಲ್ಲವೇ ಮಣ್ಣಿನಲ್ಲಿ ಬೆಳೆದದ್ದರ ಮೇಲೆ. ಉಣ್ಣೆಯ ಜಮಖಾನೆ ಆಗದು. ಮನೆಯಲ್ಲಾದರೆ ಬಟ್ಟೆ ಕತ್ತರಿಸುವಾಗ ಅಳತೆ ಗುರುತಿಸುವ ಕಾಗದದ ತುಂಡೊಂದು ಸಾಕಿತ್ತು. ಶುಕ್ರವಾರ ಮಧ್ಯಾಹ್ನ ಹೆಂಗಸರು ಸೇರುವ ಓದಿನ ಕೋಣೆಯಲ್ಲಿ ಏನು ಮಾಡುವುದು? ದೇವರು ದೊಡ್ಡವನು, ಅಲ್ಲಿಯ ಜಮಖಾನೆ ಕೋಣೆಗಿಂತ ಎರಡು ಗೇಣು ಗಿಡ್ಡ! ಕೊನೆಯ ಮೂಲೆಯಲ್ಲಿ ಕೆಳಗಿನ ಜೊಂಡಿನ ಚಾಪೆ ಇಣುಕುತ್ತಿತ್ತು. ಮೊದಲ ದಿನವೇ ಆ ಮೂಲೆ ಹಿಡಿದ ಟೈಲರಮ್ಮ ಮತ್ತೆ ಬಿಟ್ಟಿರಲಿಲ್ಲ. ಪಾಪ, ಎಷ್ಟು ವಿನಯದ ಹೆಂಗಸು ಎಂದು ಉಳಿದವರು ಮೆಚ್ಚಿಕೊಂಡಿದ್ದರು.

ಆ ಕೋಣೆಯಲ್ಲಿ ಹನ್ನೆರಡು ಹೆಂಗಸರು. ವಾರಕ್ಕೆ ಕುರ್‌ಆನಿನ ಹನ್ನೆರಡು ಆಯತ್ತು, ಎಂದರೆ ವಚನ. ಶಾಲೆಯಿಂದ ನಿವೃತ್ತರಾದ ದೊಡ್ಡ ಮೇಡಂ ಬಾಗಿಲ ಬಳಿ ಕೂತು ಮೊದಲ ವಚನ ಓದಿ ಅರ್ಥ ಹೇಳುತ್ತಿದ್ದರು. ಆಮೇಲೆ ಒಬ್ಬೊಬ್ಬರೂ ಹಾಗೆಯೇ ಒಂದೊಂದು; ಸುತ್ತು ಬಂದು ಕೊನೆಯದು ಮೂಲೆಗೆ. ಹದಿನಾರನೆಯ ಅಧ್ಯಾಯ ನಡೆಯುತ್ತಿತ್ತು. ಎಪ್ಪತ್ತನೆಯದನ್ನು ಓದಿ ಮನೆಗೆ ಬಂದ ದಿನ ಟೈಲರಮ್ಮ ಹೊಲಿಗೆ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮುಂದಿನ ವಾರಗಳ ತನ್ನ ಪಾಲನ್ನು ಬರೆದಳು: ಎಂಬತ್ತೆರಡು, ತೊಂಬತ್ತನಾಲ್ಕು, ನೂರಾ ಆರು. ನೂರಾ ಆರು! ಬಲವಂತಕ್ಕೆ ಸಿಕ್ಕಿ ಬಾಯಲ್ಲಿ ನಂಬಿಕೆಯನ್ನು ಅಲ್ಲಗಳೆದರೂ ಮನಸ್ಸಿನಲ್ಲಿ ಅದನ್ನು ಬಿಡದವನ ಮೇಲೆ ದೇವರ ಕೋಪವಿಲ್ಲ ಎನ್ನುವ ಆಯತ್ತು. ಗುಟ್ಟಾಗಿ ಬದುಕುವ ಶಿಯಾಗಳು ನೆಚ್ಚುವುದು ಇದನ್ನೇ; ಅವಳ ಬದುಕು ನಿಂತಿದ್ದೂ ಅದರ ಮೇಲೆ.

"ಬೇರೆ ಕಡೆ ಕೂತ್ಕೋ, ಮುಗೀತು," ಎಂದ ಗಂಡ.

"ಹಣೆ ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?"

"ಹಾಗಾದ್ರೆ ಎರಡೇ ಮಾತಲ್ಲಿ ಅರ್ಥ ಹೇಳಿ ಸುಮ್ಮನಾಗು. ಜಾಸ್ತಿ ಎಳೆದ್ಯೋ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ. ಇನ್ನೊಂದು ಊರು ಹುಡುಕೋ ಶಕ್ತಿ ನನಗಿಲ್ಲ ಕಣೇ."

ಮೂರು ವಾರ ಅವಳಿಗೆ ಯಾವುದರ ಮೇಲೂ ಗಮನವಿಲ್ಲ. ಎಡದ ತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಎಡದ್ದನ್ನೇ ಬಲಕ್ಕೆ ಹೊಲಿದಳು. ಯಾರಿಗಾದರೂ ನೆಗಡಿಯಾಗಿ ಒಬ್ಬರು ತಪ್ಪಿಸಿಕೊಂಡರೂ ಲೆಕ್ಕ ಬದಲಾಗುತ್ತದೆಂದು ಆಸೆಪಟ್ಟಳು. ಎಲ್ಲಿಯ ನೆಗಡಿ! ಹನ್ನೊಂದು ಜನವೂ ಗುಂಡುಕಲ್ಲಿನ ಹಾಗಿದ್ದರು.

ಆ ಶುಕ್ರವಾರ ಅವಳು ಮೂಲೆಗೆ ಹೋಗುವಷ್ಟರಲ್ಲಿ ಕಾಂಪೌಂಡರ್ ಹೆಂಡತಿ ರಟ್ಟೆ ಹಿಡಿದಳು. ಬಾಯಿ ಜೋರು, ಕರುಳು ಮೆತ್ತಗಿನ ಹೆಂಗಸು. "ಟೈಲರಮ್ಮ, ಹನ್ನೊಂದು ವರ್ಷದಿಂದ ಆ ಚಾಪೆ ಮೇಲೆ ಕೂತು ಕಾಲು ಮರಗಟ್ಟಿರಬೇಕು ನಿಮಗೆ. ಇವತ್ತು ನನ್ನ ಜಾಗ ನಿಮ್ಮದು, ನಿಮ್ಮದು ನಂದು!" ಎಂದು ದರದರ ಎಳೆದುಕೊಂಡು ಹೋಗಿ ಜಮಖಾನೆಯ ನಡುವೆ ಕೂರಿಸಿ, ತಾನು ಮೂಲೆಯಲ್ಲಿ ಕೂತಳು.

ನೂರಾ ಆರು ಕಾಂಪೌಂಡರ್ ಹೆಂಡತಿಯ ಪಾಲಾಯಿತು! ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ನಮಾಜಿನಲ್ಲಿ ಹಣೆ ಎಲ್ಲಿಡುವುದೆಂಬುದು ಆಮೇಲಿನ ಮಾತು, ಟೈಲರಮ್ಮನಿಗೆ ಕುಣಿಯುವಷ್ಟು ಸಂತೋಷವಾಯಿತು. ನಡುವಿನ ಆಯತ್ತನ್ನು ಲೀಲಾಜಾಲವಾಗಿ ಓದಿ, ಅರ್ಥವನ್ನೂ ಹೇಳಿದಳು.

ಕೊನೆಗೆ ಮೂಲೆಯ ಸರದಿ ಬಂತು. ಕಾಂಪೌಂಡರ್ ಹೆಂಡತಿ ಚೆನ್ನಾಗಿಯೇ ಓದಿದಳು. ಅರ್ಥ ಹೇಳುವಾಗ ಮಾತ್ರ ಲಗಾಮು ಬಿಟ್ಟಳು. "ಇದು ಆ ಕಾಲದವರಿಗೆ. ಅವರನ್ನ ಕಟ್ಟಿಹಾಕಿ ಹೊಡೀತಿದ್ರು. ಈಗ ಯಾರು ಹೊಡೀತಾರೆ? ಈಗ ಮುಚ್ಚಿಡೋರು ಅಂದ್ರೆ ಆ ಶಿಯಾದವರು. ಬಾಯಲ್ಲಿ ಬೆಲ್ಲ, ಹೊಟ್ಟೇಲಿ ವಿಷ. ನಮ್ಮ ಪಕ್ಕದಲ್ಲೇ ಕೂತಿದ್ರೂ ಗೊತ್ತಾಗಲ್ಲ!"

ಎಲ್ಲರೂ ನಕ್ಕರು. ಟೈಲರಮ್ಮ ತೆಪ್ಪಗಿದ್ದರೆ ಸಾಕಿತ್ತು. ತನ್ನ ಬಗ್ಗೆ ತೆಪ್ಪಗಿರುವುದು ಅವಳಿಗೆ ಅಭ್ಯಾಸವೇ. ಆದರೆ ಇದು ದೇವರ ಮಾತು. ಅದನ್ನು ತಿರುಚಿದಾಗಲೂ ಸುಮ್ಮನಿರಲು ಯಾವ ಆಯತ್ತೂ ಅವಳಿಗೆ ಅಪ್ಪಣೆ ಕೊಟ್ಟಿರಲಿಲ್ಲ.

"ಅದು ಹಾಗಲ್ಲ," ಎಂದಳು. ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಆಮೇಲೆ ತಡೆಯಲಾಗಲಿಲ್ಲ. "ಒಬ್ಬ ಬಡವನನ್ನ ಹೊಡೆದು ಬಡಿದು ನಂಬಿಕೆ ಇಲ್ಲ ಅನ್ನಿಸಿದ್ರು. ಅವನು ಅಳ್ತಾ ಪ್ರವಾದಿಗಳ ಹತ್ರ ಬಂದ. ಅವರು ಬೈದ್ರಾ? ಕಣ್ಣೀರು ಒರೆಸಿದ್ರು. ನಿನ್ನ ಮನಸ್ಸು ಹೇಗಿದೆ ಅಂತ ಕೇಳಿದ್ರು. ಮೇಡಂ, ವ್ಯಾಖ್ಯಾನದಲ್ಲಿ ಹೀಗೇ ಇದೆ ಅಲ್ವಾ?"

"ಇದೆ," ಎಂದರು ದೊಡ್ಡ ಮೇಡಂ.

"ಮತ್ತೆ! ಯಾಕೆ ಮುಚ್ಚಿಟ್ಟೆ ಅಂತ ಕೇಳೋ ಮುಂಚೆ, ಯಾರಿಗೆ ಹೆದರಿ ಮುಚ್ಚಿಟ್ಟೆ ಅಂತ ಕೇಳಬೇಕು."

"ಯಾರಿಗೆ ಹೆದರ್ತಾರೆ ಅವರು?" ಎಂದಳು ಕಾಂಪೌಂಡರ್ ಹೆಂಡತಿ.

"ನಿಮಗೆ. ನಾನು ಶಿಯಾ."

ಬಾಗಿಲ ಬಳಿಯ ಒಬ್ಬಳು ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೇಹೋದಳು. ಆದರೂ ಟೈಲರಮ್ಮನಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದೆ ತುಂಬ ಉಸಿರಾಡಿದ ಹಾಗಿತ್ತು.

ಕಾಂಪೌಂಡರ್ ಹೆಂಡತಿಯ ಮುಖ ಸಣ್ಣದಾಯಿತು. "ಇಷ್ಟು ವರ್ಷದಲ್ಲಿ ನಿಮ್ಮ ಮುಂದೆ ನಾನು ಇಂಥವು ಎಷ್ಟು ಅಂದಿದ್ದೀನಿ?"

"ತುಂಬಾ ಅಂದಿದ್ದೀರಿ. ಅಳತೆ ಕೊಡ್ತಾ ನಿಂತಾಗಲೂ ಅಂದಿದ್ದೀರಿ."

"ಹೇಳಿ."

"ಬೇಡ ಬಿಡಿ."

ದೊಡ್ಡ ಮೇಡಂ ಕನ್ನಡಕ ತೆಗೆದರು. "ಹೇಳಮ್ಮ. ಅವಳೊಬ್ಬಳೇ ಅಂದಿರಲ್ಲ. ನಾವು ಯಾರ್ಯಾರು ಏನೇನು ಅಂದಿದ್ದೀವೋ, ಒಂದನ್ನೂ ಬಿಡದೆ ಹೇಳು. ಕೇಳ್ತೀವಿ."

ಟೈಲರಮ್ಮ ಕಣ್ಣೊರೆಸಿಕೊಂಡು ಶುರುಮಾಡಿದಳು. ಮೊದಲು ಹೇಳಿದ್ದು, ಶಿಯಾಗಳ ಬಗ್ಗೆ ದೊಡ್ಡ ಮೇಡಂ ಅವರೇ ಹಿಂದೊಮ್ಮೆ ಅಂದಿದ್ದ ಮಾತು.